ನುಣುಪಿನ ಹಂಬಲ

ಪ್ಯಾನಟಾಮಿಕ್-ಎಕ್ಸ್, ಆಗ್ಫಾದ ಎಪಿಎಕ್ಸ್ 25, ಟೆಕ್ನಿಕಲ್ ಪ್ಯಾನ್. ಹಳೆಯ ಕಪ್ಪು-ಬಿಳುಪು ಛಾಯಾಗ್ರಾಹಕರು ಕೂತಲ್ಲಿ ಈ ಸಣ್ಣ ಹರಳಿನ ಫಿಲ್ಮುಗಳ ಹೆಸರುಗಳು ಬಂದೇ ಬರುತ್ತವೆ. ಒಂದೂ ಈಗ ತಯಾರಾಗುವುದಿಲ್ಲ. ಬೆಳ್ಳಿಯ ಹರಳು ಸಣ್ಣದಾದಷ್ಟೂ ಫಿಲ್ಮ್ ನಿಧಾನ. ಅದಕ್ಕೆ ಹೆಚ್ಚು ಬೆಳಕು ಬೇಕು, ಟ್ರೈಪಾಡ್ ಬೇಕು, ತಾಳ್ಮೆ ಬೇಕು. ಆ ಶಿಸ್ತು ಹೋಯಿತೆಂಬ ದುಃಖ ನಿಜವಾದದ್ದು. ಆದರೆ ಈ ಹಂಬಲ ಬರಬರುತ್ತಾ ಗ್ರೇನೇ, ಅಂದರೆ ಹರಳಿನ ಕಣವೇ, ಕಾಣದ ನುಣುಪಿನ ಆರಾಧನೆಯಾಗುತ್ತದೆ. ಅದನ್ನು ನಾನು ಒಪ್ಪಲಾರೆ.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೇ (1977) ನೋಡಿ. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಗ್ರಹಾರದ ಮಬ್ಬು ಒಳಕೋಣೆಗಳಲ್ಲಿ, ಕಾಡಿನ ಇರುಳಲ್ಲಿ ಓಡಾಡುತ್ತದೆ. ವಿಧವೆ ಯಮುನಕ್ಕ ಹುತ್ತದೊಳಗೆ ಕೈಯಿಡುವ ಆ ರಾತ್ರಿಯ ಕತ್ತಲು ಬರಿಯ ಕಪ್ಪಲ್ಲ. ಅದರಲ್ಲಿ ಕಣಗಳು ಮಿಸುಕುತ್ತವೆ, ಹುಡುಗ ನಾಣಿಯ ಭಯ ನಮಗೆ ತಾಕುವುದು ಆ ಮಿಸುಕಾಟದಿಂದ. ಗಣಕದಲ್ಲಿ ಅದನ್ನು ಒರೆಸಿದರೆ ಇರುಳು ಸತ್ತುಹೋಗುತ್ತದೆ.

ಕಾಸರವಳ್ಳಿ ಓದಿದ್ದು ಪುಣೆಯ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅವರ ಈ ಮೊದಲ ಕಥಾಚಿತ್ರದ ಮೂಲ ನೆಗೆಟಿವ್ ಉಳಿದದ್ದೂ ಪುಣೆಯಲ್ಲೇ, ಪಿ. ಕೆ. ನಾಯರ್ ಕಟ್ಟಿ ಬೆಳೆಸಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ. ಅದರಿಂದಲೇ ಚಿತ್ರ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು.

ಸಣ್ಣ ಗ್ರೇನಿನ ಫಿಲ್ಮಿಗೆ ನಿಜವಾದ ಗೌರವ ಸಿಕ್ಕಿದ್ದು, ನನ್ನ ಮಟ್ಟಿಗೆ, ಸಿನಿಮಾ ಲ್ಯಾಬಿನಲ್ಲಿ. ಒಂದು ಫಿಲ್ಮಿನಿಂದ ಇನ್ನೊಂದಕ್ಕೆ ಪ್ರತಿ ತೆಗೆದಾಗಲೆಲ್ಲ ಹೊಸದರ ಗ್ರೇನು ಹಳೆಯದರ ಮೇಲೆ ಕೂರುತ್ತದೆ, ಚಿತ್ರ ಒರಟಾಗುತ್ತದೆ. ಅದಕ್ಕೇ ನೆಗೆಟಿವ್‌ನಿಂದ ಮೊದಲು ‘ಫೈನ್ ಗ್ರೇನ್ ಮಾಸ್ಟರ್’ ಎಂಬ ಪಾಸಿಟಿವ್ ತೆಗೆಯುತ್ತಿದ್ದರು. ಅದರಿಂದ ಡ್ಯೂಪ್ (ನಕಲು) ನೆಗೆಟಿವ್, ಆಮೇಲೆ ಪ್ರಿಂಟುಗಳು. ಅಲ್ಲಿ ಸಣ್ಣ ಗ್ರೇನಿನ ಕೆಲಸ ತನ್ನ ಅಂದವನ್ನು ಮೆರೆಸುವುದಲ್ಲ, ಮೂಲದ ಗ್ರೇನನ್ನು ಕೆಡದಂತೆ ದಾಟಿಸುವುದು. ಎಷ್ಟು ಉದಾರವಾದ ಕೆಲಸ!

ಹಂಬಲಿಸುವವರು ಅವಧಿ ಮುಗಿದ ರೋಲುಗಳನ್ನು ದುಬಾರಿ ಬೆಲೆಗೆ ಕೊಂಡು ಫ್ರಿಜ್ಜಿನಲ್ಲಿಡುತ್ತಾರೆ. ಬೇಡವೆನ್ನಲಾರೆ. ಆದರೆ ಆಗಲೇ ತೆಗೆದ ನೆಗೆಟಿವ್‌ಗೂ ಅಷ್ಟೇ ತಂಪು ಬೇಕು. 2003ರಲ್ಲಿ ಇನ್‌ಸ್ಟಿಟ್ಯೂಟ್ ಆವರಣದ ಉಗ್ರಾಣಕ್ಕೆ ಬೆಂಕಿ ಬಿದ್ದು ಹಳೆಯ ನೈಟ್ರೇಟ್ ಫಿಲ್ಮಿನ ಸುರುಳಿಗಳು ಸುಟ್ಟುಹೋದವು. ಆಮೇಲಿನ ಅಸಿಟೇಟ್ ಫಿಲ್ಮ್ ಹಾಗೆ ಉರಿಯುವುದಿಲ್ಲ. ಸೆಕೆಯಲ್ಲಿ, ತೇವದಲ್ಲಿ ಡಬ್ಬಿಯೊಳಗೇ ಹುಳಿಯಾಗಿ, ವಿನೆಗರ್ ವಾಸನೆ ಬಿಡುತ್ತಾ ಸುರುಟಿಕೊಳ್ಳುತ್ತದೆ. ಒಮ್ಮೆ ಶುರುವಾದರೆ ತಡೆಯಲಾಗದು, ತಂಪಿನಲ್ಲಿಟ್ಟು ನಿಧಾನಿಸಬಹುದು ಅಷ್ಟೆ. ಕನ್ನಡದ ಎಷ್ಟೋ ಕಪ್ಪು-ಬಿಳುಪು ಚಿತ್ರಗಳ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಈ ಫಿಲ್ಮ್‌ಪ್ರೇಮಿಗಳು ಅದೇ ಆಸ್ಥೆಯಿಂದ ಕೇಳತೊಡಗಬೇಕು, ಈಗಲೇ.