ಅಂತೋನಿಯಾ ಎಲ್ಲಿಂದ ತಂದಳು?

ಪಣಜಿಯ ಚರ್ಚ್ ಹತ್ತಿರದ ಮುನಿಸಿಪಲ್ ಉದ್ಯಾನಕ್ಕೆ ಗಾರ್ಸಿಯಾ ದ ಓರ್ತಾನ ಹೆಸರಿಟ್ಟಿದ್ದಾರೆ. ವೀಕೆಂಡಿಗೆ ಅಂತ ಗೋವಾಕ್ಕೆ ಹೋಗುವ ನಮ್ಮಂಥವರು ಅದರ ಪಕ್ಕದಲ್ಲೇ ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡು ಬಂದಿರ್ತೀವಿ, ಈತ ಯಾರು ಅಂತ ಕೇಳಿರಲ್ಲ. ಪೋರ್ಚುಗಲ್ಲಿನ ವೈದ್ಯ. 1534ರಲ್ಲಿ ಹಡಗು ಹತ್ತಿ ಗೋವಾಕ್ಕೆ ಬಂದವನು ವಾಪಸ್ ಹೋಗಲೇ ಇಲ್ಲ, 1568ರಲ್ಲಿ ಇಲ್ಲೇ ಸತ್ತ. ಪೋರ್ಚುಗೀಸ್ ಅಧಿಕಾರಿಗಳಿಗೂ ಮದ್ದು ಕೊಟ್ಟ, ಅಹಮದ್‌ನಗರದ ಬುರ್ಹಾನ್ ನಿಜಾಮ್ ಷಾಗೂ ಕೊಟ್ಟ. ಜೊತೆಗೆ ಔಷಧಿ ಸಾಮಾನು, ಹರಳುಗಳ ವ್ಯಾಪಾರವೂ ಇತ್ತು. 1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕ ‘ಇಂಡಿಯಾದ ಮೂಲಿಕೆ ಮತ್ತು ಔಷಧಗಳ ಕುರಿತ ಸಂವಾದಗಳು’. ಮೆಣಸು, ಏಲಕ್ಕಿ, ಶುಂಠಿ, ದಾಲ್ಚಿನ್ನಿ, ಅಫೀಮು, ಭಂಗಿ, ಮಾವು, ಹಲಸು, ಹೀಗೆ ಒಂದೊಂದಕ್ಕೆ ಒಂದೊಂದು ಅಧ್ಯಾಯ. ಅಚ್ಚಿನ ತಪ್ಪುಗಳು ಲೆಕ್ಕವಿಲ್ಲದಷ್ಟು. ಪೋರ್ಚುಗೀಸರ ಮಹಾಕವಿ ಕಮೋಯಿಶ್‌ನ ಪದ್ಯ ಮೊದಲು ಅಚ್ಚಾಗಿದ್ದು ಈ ಪುಸ್ತಕದಲ್ಲೇ.

ಈ ಪುಸ್ತಕವನ್ನು ಹೊಗಳೋರು ಸಾಮಾನ್ಯವಾಗಿ ಒಂದೇ ಕಾರಣ ಕೊಡ್ತಾರೆ: ಗ್ರೀಕರು, ರೋಮನ್ನರು ಹೇಳಿದ್ದನ್ನು ಕಣ್ಣುಮುಚ್ಚಿ ನಂಬದೆ, ಓರ್ತಾ ಕಣ್ಣಾರೆ ಕಂಡದ್ದನ್ನು ಬರೆದ. ನಿಜ. ರೋಮನ್ನರಿಂದ ನೂರು ವರ್ಷಕ್ಕೆ ತಿಳಿದದ್ದಕ್ಕಿಂತ ಈಗ ಪೋರ್ಚುಗೀಸರಿಂದ ಒಂದೇ ದಿನಕ್ಕೆ ಹೆಚ್ಚು ತಿಳಿಯುತ್ತದೆ ಅನ್ನೋ ಅರ್ಥದ ಮಾತು ಪುಸ್ತಕದಲ್ಲೇ ಬರುತ್ತೆ. ನನ್ನ ತಕರಾರು ಇರೋದು ‘ಪೋರ್ಚುಗೀಸರಿಂದ’ ಅನ್ನೋ ಆ ಒಂದು ಪದದ ಮೇಲೆ. ಪುಸ್ತಕವನ್ನು ನಿಧಾನಕ್ಕೆ ಓದಿದರೆ ಆ ಪದ ಸುಳ್ಳು ಅಂತ ಪುಸ್ತಕವೇ ಹೇಳ್ತಾ ಹೋಗುತ್ತೆ.

ಹೆಸರೇ ಹೇಳುವಂತೆ ಇದು ಮಾತುಕತೆ. ಒಬ್ಬ ಓರ್ತಾ. ಇನ್ನೊಬ್ಬ ರುವಾನೊ, ಸ್ಪೇನಿನಿಂದ ಹೊಸದಾಗಿ ಬಂದಿಳಿದ ವೈದ್ಯ, ಪುಸ್ತಕದ ಹುಳು, ಮಾತೆತ್ತಿದರೆ ಗ್ಯಾಲನ್ ಹೀಗೆ ಹೇಳಿದ್ದಾನೆ ಅನ್ನೋನು. ರುವಾನೊ ಕಲ್ಪಿತ ವ್ಯಕ್ತಿ. ಸ್ಪೇನಿನಲ್ಲಿ ಓದಿ ಬಂದ ಹಳೇ ಓರ್ತಾನೇ ಅವನು ಅಂದರೂ ಸರಿ. ಈ ಉಪಾಯ ಬರೀ ಶೋಕಿಗಲ್ಲ. ಸ್ಪೇನಿನಲ್ಲಿದ್ದಿದ್ದರೆ ಗ್ಯಾಲನ್ನನ ವಿರುದ್ಧ ಸೊಲ್ಲೆತ್ತುವ ಧೈರ್ಯ ತನಗಿರುತ್ತಿರಲಿಲ್ಲ ಅಂತ ಓರ್ತಾ ಒಂದು ಕಡೆ ಒಪ್ಪಿಕೊಳ್ತಾನೆ. ಅಂಥವನಿಗೆ ಪ್ರಶ್ನೆ ಒಬ್ಬನ ಬಾಯಲ್ಲಿ, ಉತ್ತರ ಇನ್ನೊಬ್ಬನ ಬಾಯಲ್ಲಿ ಇಡೋದು ಒಂದು ರಕ್ಷಣೆ. ಆದರೆ ಸುಮಾರು ಪುಟ ಬೋರು ಹೊಡೆಸುತ್ತೆ, ಮುಚ್ಚಿಡೋದ್ಯಾಕೆ. ಅರಬ್ಬಿಯಲ್ಲಿ ಏನಂತಾರೆ, ಲ್ಯಾಟಿನ್ನಿಗೆ ಅನುವಾದ ಮಾಡಿದವನು ಎಲ್ಲಿ ಎಡವಿದ ಅಂತ ಜಗ್ಗಾಡುವ ಕಡೆ ನಾನು ಹಾಳೆ ತಿರುವಿದ್ದೇನೆ.

ಪುಸ್ತಕಕ್ಕೆ ಜೀವ ಬರೋದು ಬೇರೆಯವರು ಒಳಗೆ ಬಂದಾಗ. ಇಂಗಿನ ಅಧ್ಯಾಯ ನೋಡಿ. ಒಬ್ಬ ಪೋರ್ಚುಗೀಸ ವಿಜಯನಗರದಲ್ಲಿ ಬೆಲೆಬಾಳುವ ಕುದುರೆ ಮಾರೋಕೆ ಕೂತಿದ್ದಾನೆ. ಕುದುರೆಗೆ ಹೊಟ್ಟೆಯುಬ್ಬರ, ಮೇಲಿಂದ ಮೇಲೆ ಗಾಳಿ ಬಿಡ್ತಿದೆ, ಹಾಗಾಗಿ ರಾಯರು ಬೇಡ ಅಂದಿದ್ದಾರೆ. ಇವನು ಹಿಟ್ಟಿನಲ್ಲಿ ಇಂಗು ಕಲಸಿ ತಿನ್ನಿಸಿದ, ಕುದುರೆ ಸರಿಹೋಯ್ತು, ವ್ಯಾಪಾರ ಕುದುರಿತು. ಹೇಗೆ ವಾಸಿಮಾಡಿದೆ ಅಂತ ರಾಯರು ಕೇಳಿ, ಇಂಗು ಅಂತ ತಿಳಿದ ಮೇಲೆ, ದೇವರು ತಿನ್ನೋದನ್ನೇ ಕೊಟ್ಟಿದ್ದೀಯ, ಇದರಲ್ಲಿ ಆಶ್ಚರ್ಯವೇನು ಅಂದರಂತೆ. ಪೋರ್ಚುಗೀಸ ತನ್ನ ಭಾಷೆಯಲ್ಲಿ, ಮೆಲ್ಲಗೆ, ದೇವರದ್ದಲ್ಲ ದೆವ್ವದ್ದು ಅಂತ ಗೊಣಗಿಕೊಂಡ.

ಮಾರೋನು ಅವನು, ಕೊಳ್ಳೋನು ರಾಯ, ಹಾಗಾಗಿ ಬೈಗುಳ ಕೇಳಿಸದಷ್ಟು ಮೆಲ್ಲಗೆ. ಆಗಿನ ಗೋವಾಕ್ಕೆ ಕುದುರೆ ಸುಂಕ ಅಂದರೆ ದೊಡ್ಡ ಆದಾಯ. ಕುದುರೆ ಹೊರ್ಮುಜ್ ಕಡೆಯಿಂದ ಸಮುದ್ರ ದಾಟಿ ಬರಬೇಕು. ಇಂಗು ನಮ್ಮ ಅಡುಗೆಮನೆಯ ದೇವರಾದರೂ ಅದೂ ಖೊರಾಸಾನ್ ಕಡೆಯ ಸರಕು. ಅಂದರೆ ರೋಗಿ, ಮದ್ದು ಎರಡೂ ಆಮದು. ಯಾವ ಹೊಟ್ಟೆಗೆ ಯಾವುದು ಅನ್ನೋ ತಿಳಿವಳಿಕೆ ಮಾತ್ರ ಇಲ್ಲಿನದು. ಓರ್ತಾಗೂ ಇಂಗಿನ ವಾಸನೆ ಆಗಿಬರಲ್ಲ. ಆದರೆ ಇಂಗು ಹಾಕಿ ಬೇಯಿಸಿದ ಸೊಪ್ಪು ತಿಂದು ನೋಡಿ, ಪರವಾಗಿಲ್ಲ ಅಂತ ಬರೀತಾನೆ. ಆ ಪ್ರಾಮಾಣಿಕತೆ ನನಗಿಷ್ಟ.

ಕಾಲರಾ ಅಧ್ಯಾಯ ಇನ್ನೂ ಗಟ್ಟಿ. ಕಾಯಿಲೆಗೆ ಸ್ಥಳೀಯರು ಕರೀತಿದ್ದ ‘ಮೋಡ್ಶಿ’ಯನ್ನು ಪೋರ್ಚುಗೀಸರು ‘ಮೊರ್ದೆಶಿ’ ಮಾಡಿಕೊಂಡರು, ಮುಂದೆ ಫ್ರೆಂಚರು ಅದನ್ನು ಎಳೆದಾಡಿ ‘ನಾಯಿ ಸಾವು’ ಅನ್ನೋ ಅರ್ಥ ಬರೋ ಹಾಗೆ ಮಾಡಿಬಿಟ್ಟರು. ಇಲ್ಲಿನ ವೈದ್ಯರು ಏನು ಮಾಡ್ತಾರೆ ಅಂತ ರುವಾನೊ ಕೇಳಿದಾಗ ಓರ್ತಾ ಹೇಳ್ತಾನೆ: ಪಾದಕ್ಕೆ ಬರೆ ಹಾಕ್ತಾರೆ, ಶಕ್ತಿ ಎಷ್ಟಿದೆ ನೋಡೋಕೆ ಕಣ್ಣಿಗೆ ಹಿಪ್ಪಲಿ ಹಾಕ್ತಾರೆ, ಮೆಣಸು-ಜೀರಿಗೆ ಹಾಕಿದ ಅಕ್ಕಿಯ ತಿಳಿ ಕುಡಿಸ್ತಾರೆ. ಆ ತಿಳಿಗೆ ಅವನು ಬರೆದ ಹೆಸರು ‘ಕಾಂಜೆ’. ನಮ್ಮ ಗಂಜಿಯೇ! ಹೊಟ್ಟೆ ಕೆಟ್ಟಾಗ ನಮ್ಮಜ್ಜಿ ಕೊಡ್ತಿದ್ದದ್ದೂ ಇದೇ, ಮೆಣಸು ಸ್ವಲ್ಪ ಕಮ್ಮಿ. ಬರೆ, ಹಿಪ್ಪಲಿ ಎರಡೂ ರೋಗಿಗೆ ಹಿಂಸೆ, ಅದನ್ನು ವೈಭವೀಕರಿಸೋ ಆಸೆ ನನಗಿಲ್ಲ. ಆದರೆ ನೀರು ಬಸಿದುಹೋಗ್ತಿರೋ ದೇಹಕ್ಕೆ ಗಂಜಿ ತಿಳಿ ಕುಡಿಸೋದು ಸರಿಯಾದ ದಾರಿ ಅಂತ ಒಪ್ಪೋಕೆ ಆಧುನಿಕ ವೈದ್ಯಕ್ಕೆ ಇಪ್ಪತ್ತನೇ ಶತಮಾನದ ತನಕ ಹಿಡೀತು. ಓರ್ತಾ ಇದನ್ನೆಲ್ಲ ಬರೆದಿಟ್ಟ. ಹೇಳಿದ ವೈದ್ಯರ ಹೆಸರು ಬರೆಯಲಿಲ್ಲ. ಬೇರೆ ಕಡೆ ಮಾಲುಪಾ ಅನ್ನೋ ಹಿಂದೂ ವೈದ್ಯನೊಬ್ಬ ಬಂದು ಮಾತಾಡ್ತಾನೆ ನಿಜ, ಆದರೆ ಕೇಳಿದಷ್ಟಕ್ಕೆ ಉತ್ತರ ಹೇಳಿ ಜಾಗ ಖಾಲಿ ಮಾಡ್ತಾನೆ.

ಇನ್ನು ಅಂತೋನಿಯಾ. ಓರ್ತಾನ ಮನೆಯ ಆಳು ಹುಡುಗಿ, ಬಹುಶಃ ಗುಲಾಮಳು. ಚರ್ಚೆ ನಡೀತಿರುವಾಗ ಓರ್ತಾ ಕೂಗ್ತಾನೆ, ಅವಳು ಓಗೊಡ್ತಾಳೆ, ಹೇಳಿದ ಗಿಡ ತಂದು ಎದುರಿಗಿಡ್ತಾಳೆ. ಪಂಡಿತರಿಬ್ಬರೂ ಅದನ್ನು ನೋಡಿ, ಮೂಸಿ, ಗ್ಯಾಲನ್ನನನ್ನು ಸೋಲಿಸ್ತಾರೆ. ಯಾವ ಗಿಡ ಅಂತ ಅವಳಿಗೆ ಹೇಗೆ ಗೊತ್ತಾಯ್ತು? ಎಲ್ಲಿಂದ ತಂದಳು? ಇಬ್ಬರೂ ಕೇಳಲ್ಲ. ಕಣ್ಣಾರೆ ಕಂಡದ್ದೇ ಪ್ರಮಾಣ ಅನ್ನೋ ಪುಸ್ತಕದಲ್ಲಿ, ಕಾಣಬೇಕಾದ್ದನ್ನು ಕಣ್ಣೆದುರಿಗೆ ತಂದಿಟ್ಟವಳನ್ನು ಯಾರೂ ಕಾಣಲ್ಲ.

ಇದರ ಪಕ್ಕದಲ್ಲಿ ದತ್ತೂರದ ಅಧ್ಯಾಯ ಇಟ್ಟು ಓದಬೇಕು. ಗೋವಾದ ಒಂದು ಮನೆಯಲ್ಲಿ ಗುಲಾಮ ಹೆಂಗಸೊಬ್ಬಳು ಯಜಮಾನಿಯ ಊಟಕ್ಕೆ ದತ್ತೂರ ಬೆರೆಸಿ, ಬೀಗದ ಕೈ, ಒಡವೆ ಎತ್ತಿಕೊಂಡು ಓಡಿಹೋಗಿದ್ದಾಳೆ. ಓರ್ತಾನನ್ನು ಚಿಕಿತ್ಸೆಗೆ ಕರೀತಾರೆ. ಕೊಲ್ಲದೆ ಮತ್ತು ಬರಿಸೋಕೆ ಎಷ್ಟು ಹಾಕಬೇಕು ಅಂತ ಆ ಹೆಂಗಸಿಗೆ ಗೊತ್ತಿತ್ತು. ಇದನ್ನೂ ಔಷಧಿಯ ಜ್ಞಾನ ಅಂತಲೇ ಕರೀಬೇಕಲ್ಲವಾ? ಈ ಪುಸ್ತಕದಲ್ಲಿ ಗುಲಾಮರ ಗಿಡಮೂಲಿಕೆ ತಿಳಿವಳಿಕೆಗೆ ಎರಡೇ ರೂಪ. ಯಜಮಾನ ಕೂಗಿದಾಗ ತಂದುಕೊಟ್ಟರೆ ಸೇವೆ, ತನಗಾಗಿ ಬಳಸಿದರೆ ಕಳವು.

ಹಾಗಂತ ಓರ್ತಾನನ್ನು ಕಟಕಟೆಗೆ ಹತ್ತಿಸಿ ಮುಗಿಸೋಕಾಗಲ್ಲ. ಅಂತೋನಿಯಾ ಇದ್ದಳು ಅಂತ ನಮಗೆ ಗೊತ್ತಾಗಿರೋದೇ ಅವನ ಈ ಹರಟೆಯ ಶೈಲಿಯಿಂದ. ಮುಂದೆ ಆದದ್ದು ಇನ್ನೂ ಕೆಟ್ಟದ್ದು. ಕ್ಲೂಸಿಯಸ್ ಅನ್ನೋ ಸಸ್ಯಶಾಸ್ತ್ರಜ್ಞನಿಗೆ ಈ ಪುಸ್ತಕ ಸಿಕ್ಕಿತು. 1567ರಲ್ಲಿ ಆಂಟ್ವರ್ಪ್‌ನಲ್ಲಿ ಲ್ಯಾಟಿನ್ ಸಂಗ್ರಹ ತಂದ. ಸಂವಾದ ಪೂರ್ತಿ ಕಿತ್ತುಹಾಕಿ, ಗಿಡದ ವಿವರ, ಗುಣ, ಬಳಕೆ ಮಾತ್ರ ಉಳಿಸಿಕೊಂಡು, ಚಿತ್ರ ಸೇರಿಸಿದ. ಯುರೋಪು ಹೆಚ್ಚಾಗಿ ಓದಿದ್ದು ಇದನ್ನು, ಗೋವಾದ ತಪ್ಪುತಪ್ಪು ಅಚ್ಚನ್ನಲ್ಲ. ನಮ್ಮ ಕೆಲಸದಲ್ಲಿ ಇದು ಗೊತ್ತಿರೋ ಸಂಗತಿಯೇ: ಹತ್ತು ಜನ ತಿಂಗಳುಗಟ್ಟಲೆ ಮಾಡಿದ ಕಮಿಟ್‌ಗಳನ್ನೆಲ್ಲ ಸ್ಕ್ವಾಶ್ ಮಾಡಿ ಒಂದೇ ಕಮಿಟ್ ಮರ್ಜ್ ಮಾಡಿದರೆ ಕೋಡ್ ಕ್ಲೀನಾಗಿ ಕಾಣುತ್ತೆ, ಯಾವ ಸಾಲು ಯಾರು ಬರೆದರು ಅನ್ನೋದು ಮಾಯ. ಕ್ಲೂಸಿಯಸ್ ಮಾಡಿದ್ದು ಅದನ್ನೇ. ಕೂಗು, ಓಗೊಡುವಿಕೆ ಎಲ್ಲ ಹೋಗಿ, ಗಿಡ ತಾನಾಗೇ ನಡೆದು ಬಂದು ಪುಟದ ಮೇಲೆ ಕೂತ ಹಾಗಿರುತ್ತೆ.

ಬೇರೆ ಥರ ಮಾಡೋಕೆ ಸಾಧ್ಯವಿತ್ತಾ? ನೂರು ಚಿಲ್ಲರೆ ವರ್ಷದ ನಂತರ ಕೊಚ್ಚಿಯಲ್ಲಿ ಡಚ್ಚರ ವಾನ್ ರೀಡೆ ಮಾಡಿಸಿದ ‘ಹೋರ್ತುಸ್ ಮಲಬಾರಿಕುಸ್’ನ 1678ರ ಮೊದಲ ಸಂಪುಟ ತೆಗೆದು ನೋಡಿ. ಇಟ್ಟಿ ಅಚ್ಯುದನ್ ಅನ್ನೋ ಈಳವ ವೈದ್ಯರ ಮತ್ತು ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಅನ್ನೋ ಮೂವರು ಕೊಂಕಣಿಗರ ಹೇಳಿಕೆಗಳು ಅವರದೇ ಲಿಪಿಗಳಲ್ಲಿ ಅಚ್ಚಾಗಿವೆ. ವಾನ್ ರೀಡೆಯೂ ಕಂಪನಿಯ ಅಧಿಕಾರಿಯೇ, ಅವನ ಕಣ್ಣೂ ವ್ಯಾಪಾರದ ಮೇಲೇ ಇತ್ತು. ಮರ ಹತ್ತಿ ಕೊಂಬೆ ಕಡಿದವರ ಹೆಸರು ಅಲ್ಲೂ ಇಲ್ಲ. ಆದರೂ ನಾಲ್ಕು ಹೆಸರು ಉಳಿದವು.

ಓರ್ತಾ ಯಾಕೆ ಬರೆಯಲಿಲ್ಲ ಅನ್ನೋದಕ್ಕೆ ಸುಲಭದ ಉತ್ತರ ಅಹಂಕಾರ. ನನಗೆ ಅದೊಂದೇ ಸಾಕಾಗಲ್ಲ. ಅವನದು ಸ್ಪೇನಿನಿಂದ ಓಡಿಸಲ್ಪಟ್ಟು, ಪೋರ್ಚುಗಲ್ಲಿನಲ್ಲಿ ಬಲವಂತಕ್ಕೆ ಕ್ರೈಸ್ತರಾದ ಯಹೂದಿ ಕುಟುಂಬ. ಪುಸ್ತಕ ಅಚ್ಚಾಗೋ ಮೂರು ವರ್ಷ ಮುಂಚೆ, 1560ರಲ್ಲಿ, ಗೋವಾಕ್ಕೆ ಇನ್‌ಕ್ವಿಸಿಷನ್ ಬಂದಿತ್ತು. ಅವನು ಸತ್ತ ಮರುವರ್ಷ ತಂಗಿ ಕತರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳು ಅಂತ ಸುಟ್ಟರು. 1580ರಲ್ಲಿ ಅವನದೇ ಮೂಳೆಗಳನ್ನು ಗೋರಿಯಿಂದ ತೆಗೆದು ಸುಟ್ಟರು. ಅಂಥ ಊರಲ್ಲಿ ಕೂತು, ತಾನು ಯಾರು ಅಂತ ಜೀವನಪೂರ್ತಿ ಬಚ್ಚಿಟ್ಟವನು, ನನ್ನ ವಿದ್ಯೆ ಹಿಂದೂ ವೈದ್ಯರಿಂದ, ಮನೆಯಾಳಿನಿಂದ ಬಂತು ಅಂತ ಬರೆಯೋದು ಹೇಗೆ? ‘ಪೋರ್ಚುಗೀಸರಿಂದ’ ಅನ್ನೋ ಪದ ಅವನಿಗೆ ಹೆಮ್ಮೆಯೂ ಹೌದು, ಮುಖವಾಡವೂ ಹೌದು. ಇದರಿಂದ ಅಂತೋನಿಯಾಳ ಸಾಲ ತೀರಲ್ಲ, ಆದರೆ ಮೊದಲಿನ ಸಿಟ್ಟಿನಲ್ಲೇ ಪುಸ್ತಕ ಓದೋಕೆ ನನಗಾಗ್ತಿಲ್ಲ.

ಓದೋ ಮನಸ್ಸಿದ್ದರೆ ಮಾರ್ಕಮ್‌ನ 1913ರ ಇಂಗ್ಲಿಷ್ ಅನುವಾದ ಇದೆ. ಮೊದಲಿಂದ ಶುರುಮಾಡಬೇಡಿ, ಕೈಬಿಡ್ತೀರಿ. ಇಂಗು, ಆಮೇಲೆ ಕಾಲರಾ, ಆಮೇಲೆ ದತ್ತೂರ. ಅರಬ್ಬಿ ಹೆಸರುಗಳ ಜಗಳ ಬಂದ ಕಡೆ ಧಾರಾಳವಾಗಿ ದಾಟಿಕೊಂಡು ಹೋಗಿ, ಆದರೆ ಓರ್ತಾ ‘ಅಂತೋನಿಯಾ’ ಅಂತ ಕೂಗಿದ ಕಡೆ ಮಾತ್ರ ಒಂದು ನಿಮಿಷ ನಿಲ್ಲಿ.