ಅಮರರ ಊರಿನ ಹಗ್ಗ

ಸ್ಪ್ಯಾನಿಷ್ ಭಾಷೆಯ 'ಇನ್ಮೊರ್ತಾಲ್' ನಮ್ಮ 'ಅಮರ'ನ ದಾಯಾದಿ. ಅಲ್ಲಿ 'ಇನ್', ಇಲ್ಲಿ 'ಅ'. ಎರಡಕ್ಕೂ ಅರ್ಥ ಸಾವಿಲ್ಲದವನು ಎಂದೇ. ಅಮರ ಕವಿ, ಅಮರ ಕೃತಿ ಎಂದು ನಾವು ಹೊಗಳುವಂತೆ ಅವರೂ ಹೊಗಳುತ್ತಾರೆ. ಅರ್ಜೆಂಟೀನಾದ ಬೋರ್ಹೆಸ್ ಮಾತ್ರ 1949ರ 'ಎಲ್ ಆಲೆಫ್' ಸಂಕಲನದ 'ಎಲ್ ಇನ್ಮೊರ್ತಾಲ್' ಕಥೆಯಲ್ಲಿ ಈ ಹೊಗಳಿಕೆಯನ್ನೇ ತಿರುವಿಹಾಕಿದ.

ಸಾವು ಕಳೆಯುವ ನದಿಯನ್ನು ಹುಡುಕಿಹೋದ ರೋಮನ್ ದಳಪತಿಗೆ ಸಿಗುವ ಅಮರರು ದೇವತೆಗಳಂತಿಲ್ಲ. ಮೈಮೇಲೆ ಬಟ್ಟೆಯಿಲ್ಲ, ಬಾಯಲ್ಲಿ ಮಾತಿಲ್ಲ. ಅವರಲ್ಲೊಬ್ಬ ಕಲ್ಲುಗಣಿಗೆ ಬಿದ್ದು ಬಾಯಾರಿಕೆಯಿಂದ ಬೇಯುತ್ತಾನೆ. ಹಗ್ಗ ಎಸೆಯಲು ಉಳಿದವರಿಗೆ 70 ವರ್ಷ ಬೇಕಾಗುತ್ತದೆ! ಅವರು ಕ್ರೂರಿಗಳಲ್ಲ, ಅವಸರವಿಲ್ಲದವರು ಅಷ್ಟೆ.

ಕಥೆಯಲ್ಲಿ ಪಾಂಡಿತ್ಯ ಅತಿಯಾಯಿತು ಎಂದೇ ನನಗೆ ಈಗಲೂ ಅನಿಸುತ್ತದೆ. ಆದರೆ ಆ ಹಗ್ಗದ ಹತ್ತಿರ ಓದು ನಿಂತುಬಿಟ್ಟಿತು. ಹಾಸಿಗೆ ಹಿಡಿದಿದ್ದ ಅಮ್ಮ ನೀರು ಕೇಳಿದಾಗ, 'ಬಂದೆ ಇರಮ್ಮ' ಎನ್ನುತ್ತ ನಾನು ಒಲೆಯ ಮುಂದೆಯೇ ನಿಂತಿರುತ್ತಿದ್ದೆ. ಅಮ್ಮ ಎಂದೆಂದಿಗೂ ಇರುತ್ತಾಳೆಂದು ನಾನೂ ನಂಬಿದ್ದೆನಲ್ಲವೇ?

ಕೊನೆಗೆ ಬೇರೊಂದು ತೊರೆಯ ನೀರು ಕುಡಿದ ದಳಪತಿಯ ಕೈಗೆ ಮುಳ್ಳು ತರಚಿ, ರಕ್ತ ಒಸರುತ್ತದೆ. ತಾನಿನ್ನು ಸಾಯಬಲ್ಲೆನೆಂದು ಅವನಿಗೆಷ್ಟು ಸಂತೋಷ! 'ಅಮರ' ಎಂಬ ಮಾತನ್ನು ನಾನೀಗ ಪುಸ್ತಕಗಳಿಗೆ ಮಾತ್ರ ಹೇಳುತ್ತೇನೆ. ಮನೆಯವರು ಕರೆದರೆ ಒಲೆ ಆರಿಸಿ ಹೋಗುತ್ತೇನೆ.