ಕಂಪ್ರೆಸರ್ ಮೇಲೆ ಸುಮ್ಮನೆ ಬರುವ ಆಪಾದನೆ

ಏಪ್ರಿಲ್ ಬಂತೆಂದರೆ ಕಾರಿನ ಎಸಿ ಗ್ಯಾರೇಜುಗಳಲ್ಲಿ ಒಂದೇ ತೀರ್ಪು: ‘ಸಾರ್, ಕಂಪ್ರೆಸರ್ ಹೋಗಿದೆ.’ ಮಾಲೀಕರೂ ಮರುಮಾತಿಲ್ಲದೆ ಒಪ್ಪುತ್ತಾರೆ. ಕ್ಲಚ್ ‘ಟಕ್’ ಅನ್ನದಿದ್ದರಂತೂ ಅನುಮಾನವೇ ಬೇಡ ಎಂಬ ನಂಬಿಕೆ ಅಷ್ಟು ಗಟ್ಟಿ.

ಕ್ಲಚ್ ಹಿಡಿಯದಿರುವುದು ಬಹಳ ಸಲ ಕಂಪ್ರೆಸರಿನ ರೋಗವಲ್ಲ, ಅದಕ್ಕಿರುವ ಕಾವಲು. ಗ್ಯಾಸ್ ಸೋರಿ ಒತ್ತಡ ಇಳಿದಾಗ ಪ್ರೆಷರ್ ಸ್ವಿಚ್ಚಿನಿಂದಾಗಿ ಕರೆಂಟ್ ನಿಲ್ಲುತ್ತದೆ. ಆ ಕಾವಲನ್ನು ದಾಟಿ ಬ್ಯಾಟರಿಯಿಂದ ‘ಡೈರೆಕ್ಟ್’ ಕೊಟ್ಟು ನೋಡುವುದು ನಮ್ಮಲ್ಲಿ ಜನಪ್ರಿಯ ಪರೀಕ್ಷೆ. ಆಯಿಲ್ ಸುತ್ತುವುದು ಗ್ಯಾಸಿನ ಜೊತೆಗೇ. ಗ್ಯಾಸಿಲ್ಲದ ಲೈನಿನಲ್ಲಿ ಹಾಗೆ ಓಡಿಸುತ್ತ ಹೋದರೆ ಚೆನ್ನಾಗಿದ್ದ ಕಂಪ್ರೆಸರೂ ಸವೆದೀತು. ಮೊದಲು ಫ್ಯೂಸ್, ರಿಲೇ ನೋಡಿ, ಕ್ಲಚ್ಚಿನ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ಮೀಟರ್ ಹಿಡಿಯಬೇಕು. ಕರೆಂಟೇ ಬಾರದಿದ್ದರೆ ಕಂಪ್ರೆಸರನ್ನು ದೂರಿ ಏನು ಫಲ? ಬಂದೂ ಹಿಡಿಯದಿದ್ದರೆ ಕಾಯಿಲ್ ಅಳೆಯಬೇಕು. ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಕಾಯಿಲ್ ಕಡಿದಿದ್ದರೂ ಎಷ್ಟೋ ಕಾರುಗಳಲ್ಲಿ ಕ್ಲಚ್ಚನ್ನಷ್ಟೇ ಬದಲಿಸಬಹುದು. ಕ್ಲಚ್ಚೇ ಇಲ್ಲದ ಕಂಪ್ರೆಸರುಗಳೂ ಇವೆ; ಅವುಗಳಲ್ಲಿ ‘ಟಕ್’ಗಾಗಿ ಕಿವಿಗೊಟ್ಟು ನಿಂತವರ ಪಾಡು ನಗೆಪಾಟಲು.

‘ಗೇಜ್ ಹಾಕಿಯೇ ಹೇಳುತ್ತಿದ್ದೇವೆ’ ಎನ್ನುವವರಿದ್ದಾರೆ. ಎಂಜಿನ್ ನಿಲ್ಲಿಸಿ ನೋಡಿದ ಒತ್ತಡದಿಂದ ಗ್ಯಾಸ್ ಎಷ್ಟಿದೆಯೆಂದು ತಿಳಿಯುವುದಿಲ್ಲ. ಆರ್‌-134ಎ ಗ್ಯಾಸು ಲೈನಿನಲ್ಲಿ ಒಂದಿಷ್ಟು ದ್ರವವಾಗಿ ಉಳಿದಿದ್ದರೆ ಸಾಕು, 30 ಡಿಗ್ರಿಯಲ್ಲಿ ಮುಳ್ಳು 95–100 ಪಿಎಸ್‌ಐ ಹತ್ತಿರ ನಿಲ್ಲುತ್ತದೆ; ಅರ್ಧ ಸೋರಿದ್ದರೂ ಅಷ್ಟೇ, ಪೂರ್ತಿ ಇದ್ದರೂ ಅಷ್ಟೇ. ಎಸಿ ಓಡುವಾಗ ಎರಡು ಮುಳ್ಳುಗಳನ್ನೂ ಒಟ್ಟಿಗೆ ಓದಬೇಕು. ಲೋ ಮೇಲೇರಿ, ಹೈ ಏಳದೆ, ಎರಡೂ ಹತ್ತಿರ ಬಂದಿದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ ಎನ್ನಲು ಆಧಾರ ಸಿಕ್ಕಿತು. ಎರಡೂ ಇಳಿದಿದ್ದರೆ ಸೋರಿಕೆ ಹುಡುಕಿ. ಎರಡೂ ಏರಿದ್ದರೆ ಕಂಡೆನ್ಸರ್ ಮುಂದೆ ಬಗ್ಗಿ ನೋಡಿ: ಫ್ಯಾನ್ ನಿಂತಿರಬಹುದು, ರೆಕ್ಕೆಗಳ ಸಂದಿಯಲ್ಲಿ ಕೆಸರು ಕೂತಿರಬಹುದು. ಕಲಬುರಗಿಯ ಬಿಸಿಲಲ್ಲಿ ಕಾರು ತಂದ ಗಿರಾಕಿ ‘ಹೈವೇದಾಗ ತಂಪ ಬರ್ತದ್ರಿ, ಸಿಗ್ನಲ್‌ನ್ಯಾಗ ಬಿಸಿ’ ಎಂದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯಿತು. ಫ್ಯಾನ್ ಮೋಟಾರ್ ಸುಟ್ಟಿದ್ದಕ್ಕೆ ಕಂಪ್ರೆಸರ್ ಬಿಚ್ಚುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇಷ್ಟೆಲ್ಲ ನೋಡುತ್ತ ಕೂತರೆ ಹೊತ್ತಿಗೆ ಯಾರು ದುಡ್ಡು ಕೊಡುತ್ತಾರೆ ಎಂಬುದು ಮೆಕ್ಯಾನಿಕ್‌ಗಳ ವಾದ. ನ್ಯಾಯವಾದ ಮಾತೇ. ಬಿಡಿಭಾಗಕ್ಕೆ ಸಾವಿರಗಟ್ಟಲೆ ಎಣಿಸುವ ನಾವು ‘ಬರೀ ನೋಡಿದ್ದಕ್ಕೂ ಕಾಸೇ?’ ಎನ್ನುತ್ತೇವೆ. ಆದರೆ ಕಂಪ್ರೆಸರ್ ನಿಜಕ್ಕೂ ಜಾಮ್ ಆದಾಗಲೂ ಈ ಆತುರ ದುಬಾರಿ. ಪೈಪು ಬಿಚ್ಚಿದಾಗ ಆಯಿಲ್‌ನಲ್ಲಿ ಬೂದು ಹೊಳಪು ಕಂಡರೆ ಅದು ಲೋಹದ ಪುಡಿ, ಕಂಡೆನ್ಸರಿನವರೆಗೂ ಹರಡಿರುತ್ತದೆ. ಅದನ್ನು ಹಾಗೇ ಬಿಟ್ಟು ಕಂಪ್ರೆಸರ್ ಒಂದನ್ನೇ ಹಾಕಿ ಕಳಿಸಿದ ಕಾರು ಮತ್ತೆ ಅದೇ ಗ್ಯಾರೇಜಿಗೆ ಬರುತ್ತದೆ. ಆಗ ಬೈಗುಳ ಬೀಳುವುದು ಹೊಸ ಕಂಪ್ರೆಸರಿಗೆ, ‘ಲೋಕಲ್ ಮಾಲು’ ಎಂದು.